ಸರ್ವರಿ ಬೀ ಹಿಡಿದ ಗುಡ್ಡದ ದಾರಿ

ಹುಮನಾಬಾದಿನ ಸರ್ವರಿ ಬೀ ಸೈಕಲ್ ತುಳಿಯುತ್ತಾಳೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುವವರೇ. ಅವಳ ಗಂಡ ಸಲಾವುದ್ದೀನನ ಬಾಡಿಗೆ ಸೈಕಲ್ ಅಂಗಡಿಯ ಮುಂದೆ ಚಹಾ ಹೀರುತ್ತ ಕೂತ ಮಂದಿ ಇದೊಂದು ಮಾತನ್ನು ಕೇಳಿ ಕೇಳಿ ಬೇಸತ್ತಿದ್ದರು. ಆ ಪುಣ್ಯಾತ್ಮ ಟ್ಯೂಬಿಗೆ ಗಾಳಿ ಹೊಡೆಯುತ್ತ ಮೀಸೆಯಡಿ ನಗುತ್ತಿದ್ದನೇ ಹೊರತು ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ಅಸಲು ಸಂಗತಿ ಇಷ್ಟೆ: ಸರ್ವರಿ ತುಳಿಯುತ್ತಿದ್ದುದು ಊರೊಳಗಲ್ಲ, ಊರ ಹಿಂದಿನ ಗುಡ್ಡದ ಕಾಡುದಾರಿಯಲ್ಲಿ. ಅಲ್ಲಿ ಬಂಡಿಯಿಲ್ಲ, ಲಾರಿಯಿಲ್ಲ, ನಿಂತು ನೋಡುವ ಮಂದಿಯೂ ಇಲ್ಲ.

ಸೈಕಲ್ ಹತ್ತುವುದು ಅವಳಿಗೆ ಶೋಕಿಯಲ್ಲ, ಕಸುಬಿನ ಗರಜು. ಸರ್ವರಿ ದಾಯಿ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವಳು. ಅವಳ ಅತ್ತೆ ಕುಲ್ಸುಮ್ ಬೀ ಅದೇ ಕೆಲಸ ಮಾಡಿದವಳು, ಅತ್ತೆಯ ಅತ್ತೆಯೂ ಅದನ್ನೇ. ಮುದುಕಿಗೆ ಕಣ್ಣು ಮಂಜಾದ ಮೇಲೆ ಕೆಲಸ ಸೊಸೆಯ ಕೈಗೆ ಬಂತು. ಕೆಲಸವೇನೋ ಬಂತು, ಹುಕುಂ ಮಾತ್ರ ಅತ್ತೆಯದೇ ಉಳಿಯಿತು. ಒಲೆಯ ಮುಂದೆ ಕೂತಲ್ಲಿಂದಲೇ, ಯಾವ ಹಳ್ಳಿಯ ಯಾವ ಮನೆಯ ಸೊಸೆಗೆ ಎಷ್ಟು ತಿಂಗಳು ಎಂದು ಆಕೆ ಹೇಳಬಲ್ಲವಳಾಗಿದ್ದಳು. ಸೊಸೆ ತಪ್ಪು ಹೇಳಿದರೆ ಇಕ್ಕಳದಿಂದ ನೆಲ ಕುಟ್ಟುತ್ತಿದ್ದಳು.

ಕುಲ್ಸುಮ್ ಬೀ ಪ್ರಾಣ ಹೋದರೂ ಬಿಡದ ಪದ್ಧತಿಯೊಂದಿತ್ತು. ಕರೆಯದೆ ದಾಯಿ ಹೋಗಬಾರದು. ಬರೀ ಹೇಳಿ ಕಳಿಸಿದರೆ ಅದು ಕರೆಯಲ್ಲ. ಬೇನೆ ತಿನ್ನುವವಳ ಮನೆಯ ಗಂಡಾಳು ತಾನೇ ಬರಬೇಕು, ಹೊಸ್ತಿಲಾಚೆ ನಿಂತು ಕರೆಯಬೇಕು, ದಾಯಿಯ ಚೀಲವನ್ನು ಅವನೇ ಹೊರಬೇಕು, ದಾರಿಯುದ್ದಕ್ಕೂ ಅವನು ಮುಂದೆ, ದಾಯಿ ಹಿಂದೆ. ಕರೆಯದೆ ಬಂದ ದಾಯಿಯ ಹಿಂದೆ ಕೇಡು ಬರುತ್ತದೆಂದು ಹಳ್ಳಿಯವರೂ ನಂಬಿದ್ದರು. ನಂಬಿಕೆಯ ಮಾತು ಹಾಗಿರಲಿ, ಅದರಲ್ಲೊಂದು ಲೆಕ್ಕಾಚಾರವೂ ಇತ್ತು. ಹೆಚ್ಚುಕಡಿಮೆಯಾದರೆ ನಿನ್ನನ್ನು ಕರೆದವರು ಯಾರು ಎಂದು ಮಂದಿ ತಿರುಗಿ ಬೀಳುತ್ತಾರೆ. ಕರೆದವನೊಬ್ಬ ಕಣ್ಣೆದುರಿಗಿದ್ದರೆ ಆ ಮಾತು ಬರುವುದಿಲ್ಲ.

ಆ ಪದ್ಧತಿ ಒಂದು ಕೂಸನ್ನು ನುಂಗಿತು. ನಲವತ್ತೆಂಟನೆಯ ಇಸವಿ, ಸಪ್ಟೆಂಬರ್. ಮೊದಲು ರಜಾಕಾರರ ಲಾರಿಗಳು ದೊಡ್ಡ ಸಡಕಿನ ಮೇಲೆ ಓಡಾಡಿದವು. ಆಮೇಲೆ ಸೋಲಾಪುರದ ಕಡೆಯಿಂದ ಫೌಜಿನ ಲಾರಿಗಳು ಬಂದವು, ಸಾಲಿಗೆ ಕೊನೆಯೇ ಕಾಣಲಿಲ್ಲ. ಆಮೇಲೆ ಮುಸಲ್ಮಾನರ ಮನೆಗಳ ಮೇಲೆ ಗುಂಪುಗಳು ಬಿದ್ದ ದಿನಗಳ ಮಾತನ್ನು ಸರ್ವರಿಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಪಕ್ಕದ ಮನೆಯ ಶಕುಂತಲಾಬಾಯಿ ತನ್ನ ಜೋಳದ ಹಗೇವಿನ ಕೋಣೆಯಲ್ಲಿ ಮೂವರನ್ನೂ ಇಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತಿದ್ದಳು, ಅದಕ್ಕೇ ಅವರು ಉಳಿದರು. ಅದೇ ವಾರ, ಅವರು ತಮ್ಮ ಮನೆಗೆ ಮರಳಿದ ಮೇಲೆ, ಬಳೆಗಾರ್ತಿಯೊಬ್ಬಳು ಹಿತ್ತಲ ಬಾಗಿಲಿಂದ ಬಂದು, ಗುಡ್ಡದಾಚೆ ಕಾರೇವಾಡಿಯ ಲಲಿತಾಬಾಯಿಗೆ ಬೇನೆ ಶುರುವಾಗಿದೆ, ಚೊಚ್ಚಲ, ಹುಡುಗಿ ಒದ್ದಾಡುತ್ತಿದ್ದಾಳೆ ಎಂದು ಹೇಳಿ ಹೋದಳು.

ಸರ್ವರಿ ಚೀಲ ತೆಗೆದುಕೊಂಡು ಬಂದು ಹೊಸ್ತಿಲ ಒಳಗೆ ಕೂತಳು. ಕುಲ್ಸುಮ್ ಬೀ, ಕರೆಯುವವರು ಬರಲಿ ಎಂದಳು. ಅತ್ತ ಲಲಿತಾಬಾಯಿಯ ಗಂಡ ಜ್ಞಾನೇಶ್ವರ ಬಂಡಿ ಕಟ್ಟಿಕೊಂಡು ಹೊರಟಿದ್ದ. ಗುಡ್ಡದ ದಾರಿಯಲ್ಲಿ ಅವನ ಬಂಡಿ ಹತ್ತುವಂತಿರಲಿಲ್ಲ, ಸುತ್ತು ಹಾಕಿ ದೊಡ್ಡ ಸಡಕಿಗೇ ಬರಬೇಕು. ಸಡಕಿನ ಮೇಲೆ ಲಾರಿಗಳ ಸದ್ದಿಗೆ ಎತ್ತುಗಳು ಬೆದರಿದವು, ಸಿಪಾಯಿಗಳು ಬಂಡಿ ತಿರುಗಿಸು ಎಂದರು. ಅವನು ಬರಲಿಲ್ಲ, ಇವಳು ಹೋಗಲಿಲ್ಲ. ಕೂಸು ಕಣ್ಣು ಬಿಡಲಿಲ್ಲ. ಲಲಿತಾಬಾಯಿ ಬದುಕಿದ್ದೇ ದೊಡ್ಡದು.

ಜ್ಞಾನೇಶ್ವರನ ತಾಯಿ ಕಮಳಾಬಾಯಿ ಒಂದೇ ಮಾತು ಹಿಡಿದಳು: ಹೇಳಿ ಕಳಿಸಿದ್ದೆವು, ದಾಯಿ ಮನೆಯಲ್ಲಿ ಕೂತಳು. ಸಂತೆಯಲ್ಲಿ ಅಂದಳು, ಬಾವಿಯ ಕಟ್ಟೆಯಲ್ಲಿ ಅಂದಳು. ಮಾತು ತಿರುಗಿ ತಿರುಗಿ ಸರ್ವರಿಯ ಕಿವಿಗೂ ಬಂತು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಹೋಗುತ್ತಿದ್ದರು. ಸರ್ವರಿಗೆ ಜಗಳಕ್ಕೆ ಬಾಯಿ ಇರಲಿಲ್ಲ ಎಂದಲ್ಲ, ಬೇಕಾದಷ್ಟಿತ್ತು; ಆದರೆ ಆ ಮಾತು ಸುಳ್ಳಲ್ಲವಲ್ಲ! ಅವಳು ಕೂತಿದ್ದಳು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಊಟದ ತಟ್ಟೆಯ ಮುಂದೆ ಅದು ನೆನಪಾಗಿ ಎಷ್ಟೋ ಸಲ ಅವಳು ಕೈ ತೊಳೆದು ಎದ್ದುಬಿಡುತ್ತಿದ್ದಳು.

ಸೈಕಲ್ಲಿನ ವಿಚಾರ ಹೊಳೆದದ್ದು ಸಲಾವುದ್ದೀನನಿಗೆ. ಹೆಂಡತಿ ಸೊರಗುವುದನ್ನು ನೋಡಲಾರದೆ ಒಂದು ದಿನ ಅವನು ತಾಯಿಯ ಮುಂದೆ ಬಾಯಿ ಬಿಟ್ಟ. ದೊಡ್ಡ ಸಡಕಿನ ಹಂಗೇ ಬೇಡ, ಗುಡ್ಡದ ದಾರಿ ಇದೆಯಲ್ಲ ಎಂದ. ಮೊದಲು ಆ ದಾರಿಯ ನೆತ್ತಿಯಲ್ಲಿ ಕಲ್ಯಾಣದ ಜಾಗೀರಿನ ನಾಕಾ ಇತ್ತು. ಸಿಪಾಯಿಗಳು ಹೋಗುವವರ ಬರುವವರ ಗಂಟು ಬಿಚ್ಚಿಸಿ ನೋಡುತ್ತಿದ್ದರು, ಹೀಗಾಗಿ ಮಂದಿ ಆ ಕಡೆ ಸುಳಿಯುವುದನ್ನೇ ಬಿಟ್ಟಿದ್ದರು. ಫೌಜು ಬಂದ ದಿನ ಸಿಪಾಯಿಗಳು ಓಡಿದರು, ತಿರುಗಿ ಬರಲಿಲ್ಲ. ದಾರಿ ಖಾಲಿ ಬಿದ್ದಿದೆ. ಬಂಡಿ ಹತ್ತುವುದಿಲ್ಲ, ಸೈಕಲ್ ಹತ್ತುತ್ತದೆ.

ಕುಲ್ಸುಮ್ ಬೀ ಕೇಳಿದ ಮೊದಲ ಪ್ರಶ್ನೆಗೇ ಮಗ ತಬ್ಬಿಬ್ಬಾದ. ಕರೆಯಲು ಬಂದ ಪರಪುರುಷನ ಸೈಕಲ್ಲಿನ ಹಿಂದೆ ನನ್ನ ಸೊಸೆ ಕೂಡುವಳೇನು? ಇಲ್ಲ, ಇಲ್ಲ, ಎರಡು ಸೈಕಲ್ ಎಂದ ಅವನು. ಅವನಿಗೊಂದು, ಇವಳಿಗೊಂದು. ಮುದುಕಿ ಎರಡು ದಿನ ಮಗನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ತನ್ನ ಶರತ್ತುಗಳನ್ನು ಹೇಳಿದಳು. ಸರ್ವರಿ ಕಾಡಿನ ದಾರಿಯಲ್ಲಿ ಮಾತ್ರ ಹತ್ತಬೇಕು. ಕರೆಯಲು ಬಂದವನು ಪದ್ಧತಿಯ ಪ್ರಕಾರ ಚೀಲ ಕಟ್ಟಿಕೊಂಡು ಮುಂದೆ ಹೋಗಬೇಕು, ಏನೇ ಆದರೂ ತಿರುಗಿ ನೋಡಬಾರದು. ಹಳ್ಳಿ ಕಾಣುವ ಮೊದಲೇ ಇವಳು ಇಳಿದು, ಬುರ್ಖಾ ಹಾಕಿಕೊಂಡು, ಸೈಕಲ್ ನೂಕಿಕೊಂಡು ಊರೊಳಗೆ ಹೋಗಬೇಕು. ತಿರುಗಿ ನೋಡುವಂತಿಲ್ಲವಾದರೆ ಹಿಂದಿರುವವಳು ಬಂದಳೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೂ ಮುದುಕಿಯ ಹತ್ತಿರ ಉತ್ತರವಿತ್ತು. ಅವನು ಗಂಟೆ ಬಾರಿಸಲಿ, ಇವಳು ಬಾರಿಸಿ ಉತ್ತರ ಕೊಡಲಿ.

ಸರ್ವರಿ ಕಲಿತದ್ದು ಬೆಳಗಿನ ನಮಾಜಿನ ನಂತರದ ಹೊತ್ತಿನಲ್ಲಿ, ಗಂಡನ ಹಳೆಯ ಪೈಜಾಮ ತೊಟ್ಟುಕೊಂಡು. ಏರು ಬಂದರೆ ಬೈಯುತ್ತಿದ್ದಳು, ಇಳಿಜಾರು ಬಂದರೆ ಅಲ್ಲಾಹನನ್ನು ಕರೆಯುತ್ತಿದ್ದಳು. ಒಂದು ಸಲ ಇಳಿಜಾರಿನಲ್ಲಿ ಹೋದವಳು ಕಾರೆಯ ಪೊದೆಯಲ್ಲಿ ಹೋಗಿ ನಿಂತಳು. ಸಲಾವುದ್ದೀನ್ ಓಡೋಡಿ ಬಂದು ಮೊದಲು ಸೈಕಲ್ಲಿನ ರಿಮ್ಮು ನೋಡಿದ, ಆಮೇಲೆ ಹೆಂಡತಿಯನ್ನು. ಆ ಅಪರಾಧಕ್ಕೆ ಅವನು ಒಂದು ವಾರ ಬರೀ ರೊಟ್ಟಿ ಉಪ್ಪಿನಕಾಯಿ ತಿಂದ.

ಆದರೆ ಕಲಿತ ಮೇಲೆ, ಆಹಾ, ಆ ದಾರಿಯ ಸುಖವೇ ಬೇರೆ. ಕೆಂಪು ಗರಸಿನ ದಾರಿ, ಎರಡೂ ಬದಿಗೆ ಮುತ್ತುಗ, ಕಾರೆ, ಬೀಡುಬಿಟ್ಟಂತೆ ಬೆಳೆದ ಸೀತಾಫಲದ ಗಿಡಗಳು. ಮುಖಕ್ಕೆ ಗಾಳಿ ಬಡಿಯುವುದೆಂದರೇನು ಎಂದು ಸರ್ವರಿಗೆ ಮದುವೆಯಾದ ಮೇಲೆ ಮರೆತೇ ಹೋಗಿತ್ತು. ನಿರ್ಣಾದ ಕಡೆ ಹೋದಳು, ರಾಜೇಶ್ವರದ ಕಡೆ ಹೋದಳು, ಒಂದು ಸಲ ಕಲ್ಯಾಣ ದಾಟಿ ಮಂಠಾಳದವರೆಗೂ ಹೋಗಿಬಂದಳು. ಎಲ್ಲ ಕಡೆಯೂ ಹಿಂದಿನ ಬಾಗಿಲಿನಂಥ ಕಾಡುದಾರಿಗಳೇ. ಕರೆಯಲು ಬಂದವನ ಹಿಂದಿನ ಗಾಲಿಯ ಮೇಲೆ ಕಣ್ಣಿಟ್ಟು ತುಳಿಯುವುದು, ಅವನು ಗಂಟೆ ಬಾರಿಸಿದರೆ ಬಾರಿಸುವುದು. ವರ್ಷವೊಂದು ಹೀಗೆ ಹೋಯಿತು.

ನಲವತ್ತೊಂಬತ್ತರ ದೀಪಾವಳಿ ಮುಗಿದು ಕೆಲವು ದಿನಗಳಾಗಿದ್ದವು. ಬೆಳಗಿನ ಹೊತ್ತು ಹೊಸ್ತಿಲಾಚೆ ಒಬ್ಬ ಏದುಸಿರು ಬಿಡುತ್ತ ನಿಂತ. ಜ್ಞಾನೇಶ್ವರ. ಗುಡ್ಡವನ್ನು ಓಡುತ್ತಲೇ ದಾಟಿ ಬಂದಿದ್ದ, ಕೊರಳಿನ ತುಳಸಿಮಾಲೆ ಬೆವರಿಗೆ ಅಂಟಿಕೊಂಡಿತ್ತು.

"ಲಲಿತಾಗ ಬ್ಯಾನಿ ಚಾಲೂ ಆಗ್ಯಾವ, ಆಪಾ," ಎಂದ ಅವನು ನೆಲ ನೋಡುತ್ತ. "ನಮ್ಮವ್ವ ಕರಿ ಅಂದಿಲ್ಲ. ನಾನೇ ಕರಿಯಾಕ ಬಂದೀನಿ."

ಸರ್ವರಿ ಆಗಲೇ ಚೀಲ ಹಿಡಿದು ನಿಂತಿದ್ದಳು. ಈ ಕೂಸು ಉಳಿಯಲೇಬೇಕು. ಹೋದ ವರ್ಷದ ಕೂಸನ್ನು ತಿರುಗಿ ತರಲು ಯಾರಿಂದಲೂ ಆಗುವುದಿಲ್ಲ, ಅದು ಅವಳಿಗೆ ಗೊತ್ತು. ಆದರೆ ಇದೂ ಹೋದರೆ ತಾನು ಇನ್ನು ಮೇಲೆ ಯಾವ ಬಸುರಿಯ ಮೈಯನ್ನೂ ಮುಟ್ಟುವುದಿಲ್ಲ ಎಂದು ಆ ಗಳಿಗೆಯಲ್ಲೇ ಅವಳು ಮನಸ್ಸಿನಲ್ಲಿ ಅಂದುಕೊಂಡಳು. ಕುಲ್ಸುಮ್ ಬೀ ಒಳಗಿನಿಂದ ತನ್ನ ಶರತ್ತುಗಳನ್ನು ಕೂಗಿ ಹೇಳಿದಳು. ಜ್ಞಾನೇಶ್ವರ ಪಂಢರಾಪುರಕ್ಕೆ ಕಾಲ್ನಡಿಗೆಯ ವಾರಿ ಮಾಡುವ ಮನುಷ್ಯ, ಒಂದು ಇರುವೆಗೂ ಸುಳ್ಳು ಹೇಳದವನು. ವಿಠೋಬಾನ ಆಣೆ, ತಿರುಗಿ ನೋಡುವುದಿಲ್ಲ ಎಂದು ಮಾಲೆ ಮುಟ್ಟಿದ. ಇದೇ ಮುಂದೆ ಫಜೀತಿಗೆ ಮೂಲವಾಯಿತು.

ಊರ ಹೊರಗೆ ಹುಣಸೆಮರದ ಕೆಳಗೆ ಸರ್ವರಿ ಬುರ್ಖಾ ತೆಗೆದು ಮಡಚಿ ಚೀಲದಲ್ಲಿಟ್ಟಳು. ಚೀಲ ಜ್ಞಾನೇಶ್ವರನಿಗೆ ಕೊಟ್ಟ ಅಂಗಡಿಯ ಸೈಕಲ್ಲಿನ ಕ್ಯಾರಿಯರಿಗೆ ಹೋಯಿತು. ಅವನು ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಇಬ್ಬರೂ ಹೊರಟರು. ಮೊದಲ ಏರಿನಲ್ಲಿ ಅವನು ಗಂಟೆ ಬಾರಿಸಿದ, ಅವಳು ಬಾರಿಸಿದಳು. ಎರಡನೆಯ ಏರಿನಲ್ಲೂ ಹಾಗೇ. ನಾಕಾದ ಹಾಳು ಗೋಡೆ ಕಾಣುವ ಮೊದಲಿನ ಕಡಿದಾದ ಏರಿನಲ್ಲಿ ಸರ್ವರಿ ಎದ್ದು ನಿಂತು ಪೆಡಲ್ ಒತ್ತಿದಳು, ಫಟ್ಟೆಂದು ಸದ್ದಾಯಿತು, ಕಾಲು ಗಾಳಿಗೆ ಹೋಯಿತು. ಚೈನು ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

ಅವಳು ಗಂಟೆ ಬಾರಿಸಿದಳು. ಜ್ಞಾನೇಶ್ವರ ಬಾರಿಸಿದ, ಮುಂದೆ ಹೋದ. ಅವಳು ಜೋರಾಗಿ ಬಾರಿಸಿದಳು. ಅವನೂ ಜೋರಾಗಿ ಬಾರಿಸಿ, ಇನ್ನಷ್ಟು ಬಿರುಸಾಗಿ ತುಳಿದ. ಆಗ ಸರ್ವರಿಗೆ ಹೊಳೆಯಿತು. ಅಯ್ಯೋ ದೇವರೇ, ನಾನು ಇಲ್ಲಿದ್ದೇನೆ ಎನ್ನಲು ಗಂಟೆ ಉಂಟು. ನಾನು ಬರಲಾರೆ ಎನ್ನಲು ಗಂಟೆಯೇ ಇಲ್ಲವಲ್ಲ! ತಾನು ಬಾರಿಸಿದಷ್ಟೂ ಅವನು ಸಮಾಧಾನದಿಂದ ದೂರ ಹೋಗುತ್ತಾನೆ. ಊರವರು ಅವನನ್ನು ಕರೆಯುವಂತೆ ಜ್ಞಾನೋಬಾ ತಮ್ಮಾ ಎಂದು ಕೂಗಿದಳು, ಇನ್ನೊಮ್ಮೆ ಕೂಗಿದಳು. ಅಷ್ಟರಲ್ಲಿ ಅವನು ನೆತ್ತಿ ದಾಟಿ ಆಚೆ ಇಳಿಜಾರಿಗೆ ಬಿದ್ದಿದ್ದ. ಗಾಳಿಗೆ ಏನು ಕೇಳೀತು.

ಅವಳು ಚೈನನ್ನು ಹ್ಯಾಂಡಲಿಗೆ ಸುತ್ತಿ ಸೈಕಲ್ ನೂಕಿಕೊಂಡು ನಾಕಾದವರೆಗೆ ಹತ್ತಿದಳು. ಅಲ್ಲಿ ದಾರಿ ಕವಲೊಡೆದಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ ಕಾಡಿನೊಳಗೆ. ಯಾವುದು ಕಾರೇವಾಡಿಯದು? ವರ್ಷವಿಡೀ ಇದೇ ಕವಲನ್ನು ಎಷ್ಟು ಸಲ ದಾಟಿದ್ದಳೋ, ಆದರೂ ಯಾವ ಕಡೆ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ದಾರಿಯನ್ನು ನೋಡಿಯೇ ಇರಲಿಲ್ಲ. ಬರೀ ಮುಂದಿನವರ ಗಾಲಿಯನ್ನು ನೋಡಿದ್ದಳು. ಅಳು ಬಂತು, ಅಳುವಷ್ಟು ಪುರುಸೊತ್ತು ಎಲ್ಲಿತ್ತು? ಮೂಗೊರೆಸಿಕೊಂಡು ಬಗ್ಗಿ ಮಣ್ಣು ನೋಡಿದಳು. ಗಾಲಿಯ ಗುರುತು ಇದ್ದೀತು. ಮಣ್ಣಿನ ಮೇಲೆಲ್ಲ ದನಗಳ ಗೊರಸು ತುಳಿದಾಡಿದ್ದವು. ಯಾವುದೋ ಮಂದೆ ಈಗಷ್ಟೇ ಅಡ್ಡ ಹಾಯ್ದಿತ್ತು.

ಎಡಕ್ಕೆ ತುದಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ದೂರದಲ್ಲಿ ದೊಡ್ಡ ಸಡಕು ಕಾಣುತ್ತಿತ್ತು, ಅದರ ಮೇಲೆ ಲಾರಿ ಹೋದ ಧೂಳು. ಆ ಧೂಳು ಕಂಡದ್ದೇ ಅವಳು ತುದಿಯಿಂದ ಹಿಂದೆ ಸರಿದಳು. ಅಷ್ಟರಲ್ಲಿ ಗಿಡಗಳ ಸಂದಿಯಲ್ಲಿ ಕೊರಳಗಂಟೆ ಅಲ್ಲಾಡಿತು, ಜೊತೆಗೆ ಗಂಡಸಿನ ಕೆಮ್ಮು. ದನಗಾಹಿ ಇದ್ದಾನೆ. ಸರ್ವರಿಯ ಕೈ ತಾನಾಗಿ ಚೀಲ ತಡಕಿತು. ಚೀಲವೆಲ್ಲಿ? ಚೀಲ ಜ್ಞಾನೇಶ್ವರನ ಹಿಂದೆ, ಬುರ್ಖಾ ಚೀಲದೊಳಗೆ. ಗಂಡನ ಪೈಜಾಮ, ಗ್ರೀಸು ಮೆತ್ತಿದ ಕೈ, ಬರಿಯ ಮುಖ.

ಗೋಡೆಯ ಮರೆಗೆ ಸರಿದು ಕೂತುಬಿಡಬಹುದಿತ್ತು. ಜ್ಞಾನೇಶ್ವರ ಊರು ಮುಟ್ಟಿ, ಇಲ್ಲವೆಂದು ತಿಳಿದು, ತಿರುಗಿ ಬಂದೇ ಬರುತ್ತಾನೆ. ಕರೆಯುವವನು ಬರುವ ತನಕ ಕೂಡುವುದು ಪದ್ಧತಿಯೇ. ಯಾರೂ ತಪ್ಪು ಅನ್ನುವುದಿಲ್ಲ. ಅವಳು ಒಂದು ಗಳಿಗೆ ಆ ಗೋಡೆಯನ್ನು ನೋಡಿದಳು. ಹೋದ ವರ್ಷವೂ ಯಾರೂ ತಪ್ಪು ಅಂದಿರಲಿಲ್ಲ, ಕಮಳಾಬಾಯಿಯೊಬ್ಬಳನ್ನು ಬಿಟ್ಟು. ಸರ್ವರಿ ಸೈಕಲ್ ನೂಕಿಕೊಂಡು ನೇರ ಗಂಟೆಯ ಸದ್ದಿನ ಕಡೆ ನಡೆದಳು.

ದನಗಾಹಿ ಮುಪ್ಪಿನ ಮನುಷ್ಯ, ಸೀತಾಫಲ ಒಡೆದುಕೊಂಡು ತಿನ್ನುತ್ತಿದ್ದ. ಪೈಜಾಮ ತೊಟ್ಟ ಹೆಣ್ಣು, ಕೈಯಲ್ಲಿ ಸೈಕಲ್. ಅವನ ಬಾಯಲ್ಲಿದ್ದ ಬೀಜ ಬಾಯಲ್ಲೇ ಉಳಿಯಿತು. ಅವಳು ಕಾರೇವಾಡಿಯ ದಾರಿ ಕೇಳಿದಳು, ಹೆರಿಗೆ ಎಂದಳು. ಹೆರಿಗೆ ಎಂದದ್ದೇ ಮುದುಕ ಎದ್ದು ನಿಂತ. ಬಲಕ್ಕೆ ಹಿಡಿಯಬೇಕು, ಕಾಡು ಮುಗಿಯುವ ತನಕ ಇಳಿಜಾರೇ, ಹಳ್ಳ ಬಂದರೆ ದಾಟಬಾರದು, ಹಳ್ಳದ ದಂಡೆಗುಂಟ ಹೋಗಬೇಕು. ಆಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಜ್ಞಾನೋಬಾ ಈಗ ಹೋದನವ್ವ, ಗಂಟಿ ಬಾರಿಸ್ಕೋತ," ಎಂದ. "ನಮ್ಮ ಬಿಳಿ ಆಕಳ ಅವನ ಹಿಂದ ಬೆನ್ನ ಹತ್ತಿ ಹೊಂಟಿತ್ತು. ಅಂವಾ ಬಾರಿಸಿದರ ಇದರ ಕೊಳ್ಳಾಗಿಂದು ಬಾರಸ್ತಿತ್ತು. ತಿರುಗಿ ಸುದ್ದಾ ನೋಡಲಿಲ್ಲ ನೋಡು ಅಂವಾ."

ಅಂಥ ಸಂಕಟದಲ್ಲೂ ಸರ್ವರಿಗೆ ನಗು ಉಕ್ಕಿತು. ತನ್ನ ಜಾಗದಲ್ಲಿ ಆಕಳು! ನಗುತ್ತಲೇ ಅವಳು ಸೈಕಲ್ ಹತ್ತಿದಳು. ಇಳಿಜಾರಿಗೆ ಚೈನು ಯಾಕೆ ಬೇಕು? ಬ್ರೇಕ್ ಇದ್ದರಾಯಿತು. ಕಾಲು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು ಅವಳು ಬಲಕ್ಕೆ ಬಿದ್ದಳು.

ಮುಂದೆ ಯಾವ ಗಾಲಿಯೂ ಇರಲಿಲ್ಲ. ಮೊದಲ ಸಲ ಅವಳು ದಾರಿಯನ್ನು ನೋಡಿದಳು. ಎಲ್ಲಿ ಗರಸು ಜಾರುತ್ತದೆ, ಎಲ್ಲಿ ಬೇರು ಎದ್ದಿದೆ, ಎಲ್ಲಿ ತಿರುವಿನ ಹೊರಗೆ ಕಮರಿ ಇದೆ, ಎಲ್ಲವನ್ನೂ ತಾನೇ ನೋಡಬೇಕು, ತಾನೇ ತಿರುಗಿಸಬೇಕು. ಹೆದರಿಕೆ ಆಯಿತು, ಖರೆ. ಆದರೆ ಹೆದರಿಕೆಯ ಜೊತೆಗೇ ಇನ್ನೊಂದು ಬಂತು, ಅದನ್ನು ಖುಷಿ ಎಂದೇ ಅನ್ನಬೇಕು. ಹಳ್ಳದ ದಂಡೆ ಸಿಕ್ಕಿತು. ಕಾಡು ತೆಳುವಾಯಿತು, ತೊಗರಿಯ ಹೊಲ ಬಂತು, ಹೊಲದಾಚೆ ಕಾರೇವಾಡಿಯ ಮಾಳಿಗೆಗಳು ಕಂಡವು.

ಇಲ್ಲಿ ಇಳಿಯಬೇಕಿತ್ತು. ಇಳಿದು ಏನು ಹಾಕಿಕೊಳ್ಳಬೇಕು? ಇಳಿದರೆ ಹೊತ್ತು ಹೋಗುತ್ತದೆ, ಅಷ್ಟೆ. ದಾರಿ ಇನ್ನೂ ಇಳಿಜಾರಿತ್ತು. ಸರ್ವರಿ ತಲೆಯ ಮೇಲಿನ ದುಪಟ್ಟಾವನ್ನು ಬಿಗಿಯಾಗಿ ಕಟ್ಟಿಕೊಂಡು, ಬ್ರೇಕಿನಿಂದ ಕೈ ತೆಗೆದು, ಓಣಿಯೊಳಗೇ ಸೈಕಲ್ ಬಿಟ್ಟಳು. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಎದ್ದು ನಿಂತರು. ಕೋಳಿಗಳು ದಿಕ್ಕಾಪಾಲಾದವು.

ಜ್ಞಾನೇಶ್ವರನ ಮನೆಯ ಮುಂದೆ ದೊಡ್ಡ ರಂಪ ನಡೆದಿತ್ತು. ಅವನು ಬಂದು, ಆಪಾ ಬಂದಾಳ ಎಂದು ತಾಯಿಗೆ ಹೇಳಿ, ಆಣೆಯ ಪ್ರಕಾರ ಹಿಂದೆ ಕೈ ಮಾಡಿ ತೋರಿಸಿದ್ದ. ಕಮಳಾಬಾಯಿ ನೋಡಿದರೆ ಬಾಗಿಲಲ್ಲಿ ಬಿಳಿಯ ಆಕಳು. ಒಳಗೆ ಸೊಸೆ ನರಳುತ್ತಿದ್ದಾಳೆ, ಹೊರಗೆ ಮಗ ದಾಯಿಯ ಬದಲು ದನ ಕರೆತಂದಿದ್ದಾನೆ. ಕಮಳಾಬಾಯಿ ಅವನ ಜನ್ಮ ಜಾಲಾಡುತ್ತಿದ್ದಾಗಲೇ ಸರ್ವರಿ ಬಂದು ಇಳಿದದ್ದು.

"ಯಾರು ಕರಕೊಂಡ ಬಂದರು ನಿನ್ನ?" ಎಂದಳು ಕಮಳಾಬಾಯಿ.

ಸರ್ವರಿಗೆ ಗೊತ್ತಿತ್ತು, ಕರೆದವನು ಮುಂದಿಲ್ಲದೆ ಬಂದ ದಾಯಿಗೆ ಏನೆನ್ನುತ್ತಾರೆಂದು. ಆದರೂ ಸುಳ್ಳು ನಾಲಿಗೆಗೆ ಬರಲಿಲ್ಲ. "ಯಾರೂ ಇಲ್ರಿ. ನಾನೇ ಬಂದೀನಿ."

ಕಮಳಾಬಾಯಿ ಅವಳ ಮುಖ ನೋಡಿದಳು, ಕೈ ನೋಡಿದಳು, ಕಾರೆಮುಳ್ಳಿಗೆ ಹರಿದ ಪೈಜಾಮ ನೋಡಿದಳು. ಒಳಗೆ ಹೋಗಿ ಬಿಸಿನೀರಿನ ತಂಬಿಗೆ ತಂದಳು. ಒಲೆಯ ಬೂದಿ ತಂದಳು. ಸರ್ವರಿಯ ಕೈಗಳನ್ನು ತಾನೇ ಹಿಡಿದು ಬೂದಿ ಹಾಕಿ ತಿಕ್ಕಿದಳು, ಉಗುರಿನ ಸಂದಿಯ ಗ್ರೀಸು ಹೋಗುವ ತನಕ ತಿಕ್ಕಿದಳು. ನೀರು ಹಾಕುವಾಗ ಒಳಗಿನ ನರಳಾಟ ಕೇಳಿದಾಗಲೆಲ್ಲ ಮುದುಕಿ ತಿರುಗಿ ಬಾಗಿಲು ನೋಡುತ್ತಿದ್ದಳು. ಹೋದ ವರ್ಷದಿಂದ ಅವಳ ಹೊಟ್ಟೆಯಲ್ಲಿದ್ದದ್ದು ಸಿಟ್ಟಲ್ಲ, ಭಯ; ಅದು ಆಗ ಸರ್ವರಿಗೆ ತಿಳಿಯಿತು.

ಕೂಸು ಕಾಲು ಮುಂದಾಗಿ ಬರುತ್ತಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಸರ್ವರಿ ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ, ಆಗ ಯೋಚಿಸಲಿಲ್ಲ. ಲಲಿತಾಬಾಯಿ ಅವಳನ್ನು ಕಂಡು ಬಿಕ್ಕಿದಳು. ಈ ಸಲ ಬಂದಿಯಾ ಎಂದಳು. ಬಂದೀನವ್ವ ಎಂದು ಸರ್ವರಿ ತೋಳು ಮಡಚಿದಳು. ಕುಲ್ಸುಮ್ ಬೀಯ ಕೈಯಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು, ಅವಸರ ಮಾಡದೆ, ಬೈದು, ಮುದ್ದು ಮಾಡಿ, ಕೂಗು ಎಂದಾಗ ಕೂಗಿಸಿ, ತಡೆ ಎಂದಾಗ ತಡೆಯಿಸಿದಳು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಕೂಸು ಬಂತು. ಬಂತು, ಅಳಲಿಲ್ಲ. ಮೈ ನೀಲಿಗಟ್ಟಿತ್ತು.

ಸರ್ವರಿ ಕೂಸನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದಳು. ಬಾಯೊಳಗೆ ಬೆರಳಾಡಿಸಿ ಲೋಳೆ ತೆಗೆದಳು. ಅದರ ಪುಟ್ಟ ಮುಖದ ಮೇಲೆ ಬಾಯಿಟ್ಟು ಊದಿದಳು, ಮತ್ತೆ ಊದಿದಳು. ಅಳು, ಅಳು ಎಂದು ಅವಳೇ ಅಳುತ್ತಿದ್ದಳು. ಕೊನೆಗೆ ಬೆಕ್ಕಿನ ಮರಿಯಂಥ ಸಣ್ಣ ದನಿ ಎದ್ದಿತು. ಆಮೇಲೆ ಅದು ಓಣಿಯವರೆಗೂ ಕೇಳುವಂತೆ ಅರಚಿತು.

ಜ್ಞಾನೇಶ್ವರ ಅಂಗಳದಲ್ಲಿ ಬೇವಿನ ಮರದ ಕಡೆ ಮುಖ ಮಾಡಿ ನಿಂತಿದ್ದ. ಸರ್ವರಿ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊರಗೆ ತಂದಳು. ಅವನು ತಿರುಗಲೇ ಇಲ್ಲ. ಆಪಾ, ಬುರ್ಖಾ ಚೀಲದಾಗ ಅದ ಎಂದು ಮರಕ್ಕೆ ಹೇಳಿದ. ಸರ್ವರಿಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ತಮ್ಮಾ, ಈ ಕಡೆ ನೋಡು, ಮಗಳು ಎಂದಳು. ಅವನು ತುಳಸಿಮಾಲೆ ಹಿಡಿದುಕೊಂಡು ತಿರುಗಿದ, ಕೂಸನ್ನು ಕಂಡ, ಅಲ್ಲೇ ನೆಲಕ್ಕೆ ಕೂತು ಗೊಳೋ ಎಂದು ಅತ್ತ.

ಸಂಜೆಗೆ ಕಮಳಾಬಾಯಿ ಅವಳಿಗೆ ಉಣಿಸದೆ ಬಿಡಲಿಲ್ಲ. ಸೀತಾಫಲದ ಬುಟ್ಟಿ ಕಟ್ಟಿಸಿದಳು. ಹೋಗುವಾಗ ಊರ ಮುಂದಿನ ತನಕ ಬಂದು, ಹೋದ ವರ್ಷ ನಾ ಅಂದದ್ದು ಮನಸ್ಸಿನಾಗ ಇಟ್ಕೋಬ್ಯಾಡ ಎಂದಳು. ನೀವು ಅಂದದ್ದು ಖರೇನೇ ಇತ್ತು ಎಂದಳು ಸರ್ವರಿ.

ಮನೆಯಲ್ಲಿ ಕುಲ್ಸುಮ್ ಬೀಗೆ ಎಲ್ಲವನ್ನೂ ಇದ್ದಂತೆ ಹೇಳಿದಳು. ಬುರ್ಖಾ ಇಲ್ಲದ್ದು, ದನಗಾಹಿಯನ್ನು ಮಾತಾಡಿಸಿದ್ದು, ಓಣಿಯೊಳಗೆ ಸೈಕಲ್ ಬಿಟ್ಟದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಮುದುಕಿ, ಕೂಸು ಹೇಗಿದೆ ಎಂದು ಕೇಳಿದಳು. ಚಲೋ ಅದ ಎಂದಳು ಸೊಸೆ. ಮುದುಕಿ ಇಕ್ಕಳ ಕೆಳಗಿಟ್ಟು ಒಳಗೆ ಹೋಗಿ ಮಲಗಿದಳು. ಬೈಗುಳ ಬರಲಿಲ್ಲ, ಶಾಭಾಶ್‌ಗಿರಿಯೂ ಬರಲಿಲ್ಲ. ಸರ್ವರಿಗೆ ಬೈದಿದ್ದರೇ ವಾಸಿಯಿತ್ತು ಅನ್ನಿಸಿತು. ಸಲಾವುದ್ದೀನ್ ಹೊಸ ಚೈನು ಹಾಕಿದ. ಮತ್ತೆ ಕರೆಯುವವರು ಬಂದರು, ಮತ್ತೆ ಅವರು ಮುಂದೆ, ಇವಳು ಹಿಂದೆ. ವ್ಯತ್ಯಾಸ ಇಷ್ಟೆ, ಈಗ ಅವಳು ಗಾಲಿ ನೋಡುತ್ತಿರಲಿಲ್ಲ. ಒಂದೊಂದು ತ್ರಾಸಿನ ತಿರುವನ್ನೂ, ಒಂದೊಂದು ಹಳ್ಳವನ್ನೂ ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಿದ್ದಳು.

ಐವತ್ತನೆಯ ಇಸವಿಯ ಬೇಸಿಗೆ. ಒಂದು ಬೆಳಿಗ್ಗೆ ನಿರ್ಣಾದ ಕಡೆಯ ಹಾಲಿನವಳು ಬಂದು ಹಾಲು ಅಳೆಯುತ್ತ, ತಮ್ಮ ಓಣಿಯ ಮೀರಾಬಾಯಿಗೆ ನಸುಕಿನಿಂದ ಬೇನೆ, ಗಂಡ ಕರೆಯಲು ಹೊರಡಬೇಕೆನ್ನುತ್ತಿದ್ದ ಎಂದಳು. ಅಷ್ಟು ಹೇಳಿ ಅವಳು ಹೋದಳು. ಸರ್ವರಿ ಚೀಲ ತಂದಳು, ಎಂದಿನಂತೆ ಹೊಸ್ತಿಲ ಒಳಗೆ ಕೂತಳು. ಕಣ್ಣು ಬೀದಿಯ ತುದಿಯಲ್ಲಿ. ಬೀದಿ ಖಾಲಿ.

"ಇನ್ನಾ ಯಾಕ ಕುಂತಿ?" ಎಂದಳು ಒಲೆಯ ಮುಂದಿನಿಂದ ಕುಲ್ಸುಮ್ ಬೀ.

"ಕರಿಯಾಕ ಯಾರೂ ಬಂದಿಲ್ಲ, ಅಮ್ಮಾ."

ಮುದುಕಿ ಗೋಡೆ ಹಿಡಿದುಕೊಂಡು ಎದ್ದಳು. ತಡವರಿಸುತ್ತ ಬಂದು, ಸೊಸೆಯ ತೊಡೆಯ ಮೇಲಿನ ಚೀಲವನ್ನು ಮುಟ್ಟಿ ನೋಡಿ ತನ್ನ ಕೈಗೆ ತೆಗೆದುಕೊಂಡಳು. ಅರವತ್ತು ವರ್ಷ ಯಾರದೋ ಮನೆಯ ಗಂಡಾಳು ಹೊತ್ತ ಆ ಚೀಲವನ್ನು ಅವಳೇ ಹೊತ್ತು ಹೊಸ್ತಿಲು ದಾಟಿ, ಗೋಡೆಗೆ ನಿಲ್ಲಿಸಿದ್ದ ಸೈಕಲ್ಲಿನ ಕ್ಯಾರಿಯರನ್ನು ತಡಕಿ ಅದರ ಮೇಲಿಟ್ಟಳು.

"ಕೂಸು ಕರಿಯಾಕತ್ತದ. ಹೋಗು," ಎಂದಳು. "ಗುಡ್ಡದ ದಾರಿ ಹಿಡಿ, ಅಲ್ಲಿ ಯಾರೂ ಅಡ್ಡ ಬರೂದಿಲ್ಲ."

ಸರ್ವರಿ ಹೋದ ಮೇಲೆ ಎಷ್ಟೋ ಹೊತ್ತಿಗೆ ನಿರ್ಣಾದವನು ಬೆವರು ಸುರಿಸುತ್ತ ಬಂದು ಹೊಸ್ತಿಲಾಚೆ ನಿಂತ. ದಾಯಿಯನ್ನು ಕರೆಯಲು ಬಂದಿದ್ದೇನೆ ಎಂದ. ಹೊಸ್ತಿಲ ಮೇಲೆ ಕೂತಿದ್ದ ಕುಲ್ಸುಮ್ ಬೀ ಅವನ ದನಿ ಬಂದ ಕಡೆ ಮುಖ ಎತ್ತಿದಳು. ಆಕಿ ಆಗಳೇ ಹೋಗ್ಯಾಳ ಎಂದಳು. ನೀನೂ ಜಲ್ದಿ ಹೋಗಪ್ಪಾ, ಅಲ್ಲಿ ನೀರು ಕಾಯಿಸಲು ಯಾರಾದರೂ ಬೇಕಲ್ಲ.